ನಾಲ್ಕು ಆ್ಯಪ್ ಬೇಕಾ, ಒಂದು ಎಕ್ಸೆಲ್ ಹಾಳೆ ಸಾಕಾ?

ಪ್ರಶ್ನೆ: ಧಾರವಾಡದಲ್ಲಿ ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ, ಕಸೂತಿ ಹಾಕಿಕೊಡುತ್ತೇನೆ. ಸಹಾಯಕ್ಕೆ ಇಬ್ಬರು ಹುಡುಗಿಯರು ಬರುತ್ತಾರೆ. ಆರ್ಡರ್ ಬರೆದಿಡಲು ಒಂದು ಆ್ಯಪ್, ಅಳತೆಗೆ ಇನ್ನೊಂದು, ಖರ್ಚಿಗೆ ಮತ್ತೊಂದು, ಡಿಸೈನ್ ಬರೆಯಲು ಒಂದು ಅಂತ ನಾಲ್ಕು ಹಾಕಿಕೊಂಡಿದ್ದೇನೆ. ಎರಡಕ್ಕೆ ವರ್ಷ ವರ್ಷ ದುಡ್ಡು ಕಟ್ಟಬೇಕು. ಆದರೂ ಯಾವುದೂ ನನ್ನ ಕೆಲಸಕ್ಕೆ ಸರಿಯಾಗಿ ಹೊಂದುತ್ತಿಲ್ಲ. ಅಣ್ಣ "ಎಲ್ಲಾ ಬಿಟ್ಟು ಎಕ್ಸೆಲ್ ಕಲಿ" ಅಂತಾನೆ. ಅದು ಲೆಕ್ಕಪತ್ರ ನೋಡೋರ ಸಾಮಾನು ಅಲ್ವಾ? ಹೊಸ ಡಿಸೈನ್ ಯೋಚಿಸೋರಿಗೆ ಅದರಿಂದ ಏನು ಉಪಯೋಗ? ಮನೆಯಲ್ಲಿ ಇರೋದು ಒಂದೇ ಲ್ಯಾಪ್‌ಟಾಪ್. ತಬಲಾ ಕಲಿಯುವ ಮಗನಿಗೂ ಅದೇ ಬೇಕು.

ಉತ್ತರ: ನಿಮ್ಮ ಅಣ್ಣನ ಮಾತು ಕೇಳಿ. ಆದರೆ ನಾಲ್ಕೂ ಆ್ಯಪ್ ಇವತ್ತೇ ತೆಗೆದು ಹಾಕಬೇಡಿ, ಅದನ್ನು ಹೇಗೆ ಮಾಡಬೇಕು ಅಂತ ಕೊನೆಗೆ ಹೇಳುತ್ತೇನೆ.

ಎಕ್ಸೆಲ್ ಲೆಕ್ಕದವರದ್ದು ಅನ್ನೋದು ನಿಜ. ಅದರ ಮೂಲ ಇರೋದೇ ಲೆಕ್ಕದಲ್ಲಿ. 1978ರಲ್ಲಿ ಅಮೆರಿಕದ ಹಾರ್ವರ್ಡ್ ಬಿಸಿನೆಸ್ ಸ್ಕೂಲಿನಲ್ಲಿ ಡ್ಯಾನ್ ಬ್ರಿಕ್ಲಿನ್ ಅನ್ನೋ ವಿದ್ಯಾರ್ಥಿ ಕೂತಿದ್ದರು. ಮೇಷ್ಟ್ರು ಬೋರ್ಡ್ ಮೇಲೆ ಒಂದು ವ್ಯಾಪಾರದ ಲೆಕ್ಕ ಬರೆಯುತ್ತಿದ್ದರು. ಎಲ್ಲೋ ಒಂದು ಅಂಕಿ ಬದಲಾದರೆ ಸಾಕು, ಅದರಿಂದ ಬಂದ ಅಂಕಿಗಳನ್ನೆಲ್ಲ ಒಂದೊಂದಾಗಿ ಒರೆಸಿ ಮತ್ತೆ ಬರೆಯಬೇಕು. ಒಂದು ಅಂಕಿ ತಿದ್ದಿದರೆ ಉಳಿದದ್ದು ತಾನಾಗಿಯೇ ತಿದ್ದಿಕೊಳ್ಳುವ ಬೋರ್ಡ್ ಇದ್ದರೆ ಹೇಗೆ ಅಂತ ಅವರಿಗೆ ಅನಿಸಿತು. ಗೆಳೆಯ ಬಾಬ್ ಫ್ರಾಂಕ್‌ಸ್ಟನ್ ಪ್ರೋಗ್ರಾಂ ಬರೆದರು. 1979ರಲ್ಲಿ ಆ್ಯಪಲ್ 2 ಕಂಪ್ಯೂಟರಿಗೆ ವಿಸಿಕ್ಯಾಲ್ಕ್ ಅನ್ನೋ ಹೆಸರಲ್ಲಿ ಅದು ಬಂತು. 63 ಕಾಲಮ್, 254 ಸಾಲು, ಅಷ್ಟೇ. ಆಮೇಲೆ 1983ರಲ್ಲಿ ಲೋಟಸ್ 1-2-3 ಬಂತು, 1985ರಲ್ಲಿ ಎಕ್ಸೆಲ್. ಎಕ್ಸೆಲ್ ಮೊದಲು ಬಂದಿದ್ದು ಆ್ಯಪಲ್‌ನ ಮ್ಯಾಕಿಂಟಾಷ್ ಮೇಲೆ, ವಿಂಡೋಸ್‌ಗೆ ಬರುವಾಗ 1987 ಆಗಿತ್ತು.

ಈ ಕತೆಯನ್ನು ಸುಮ್ನೆ ಹೇಳುತ್ತಿಲ್ಲ. ಬ್ರಿಕ್ಲಿನ್ ಬೋರ್ಡ್ ಮೇಲೆ ಇದ್ದದ್ದು ಲೆಕ್ಕ ನಿಜ, ಆದರೆ ಅವರು ಮಾಡಿದ ಸಾಧನಕ್ಕೆ ಅದು ಯಾವ ಲೆಕ್ಕ ಅಂತ ಗೊತ್ತೇ ಇಲ್ಲ. ಅದಕ್ಕೆ ಗೊತ್ತಿರೋದು ಎರಡೇ. ಒಂದು, ಚೌಕ ಚೌಕದ ಹಾಳೆ, ಪ್ರತಿ ಚೌಕಕ್ಕೂ ಒಂದು ವಿಳಾಸ. ಎರಡು, ಈ ಚೌಕದಲ್ಲಿರೋದು ಆ ಚೌಕದಿಂದ ಬರಬೇಕು ಅಂತ ನೀವು ಹೇಳಬಹುದು, ಹೇಳಿದ ಮೇಲೆ ಅದು ಮರೆಯೋದಿಲ್ಲ. ಚೌಕದೊಳಗೆ ಏನು ಹಾಕಬೇಕು ಅನ್ನೋದು ಪೂರ್ತಿ ನಿಮ್ಮದು. ನಿಮ್ಮ ಸೂಜಿಯ ಹಾಗೆ: ತೇರು ಮಾಡಬೇಕಾ, ನವಿಲು ಮಾಡಬೇಕಾ, ಕಿತ್ತುಹೋದ ಗುಂಡಿ ಹಾಕಬೇಕಾ ಅಂತ ಸೂಜಿ ಮೊದಲೇ ತೀರ್ಮಾನಿಸಿ ಬಂದಿರೋದಿಲ್ಲ.

ನಿಮ್ಮ ಆ್ಯಪ್‌ಗಳು ಹೊಂದದೇ ಇರೋದಕ್ಕೆ ಕಾರಣನೂ ಇದೇ. ಅಳತೆಯ ಆ್ಯಪ್ ಮಾಡಿದವರು ಎದೆ, ಸೊಂಟ, ತೋಳು, ಕುತ್ತಿಗೆ ಅಂತ ಜಾಗ ಮಾಡಿಟ್ಟಿದ್ದಾರೆ. "ಇವರಿಗೆ ತೋಳು ಸ್ವಲ್ಪ ಸಡಿಲ ಇರಲಿ, ಹೋದ ಸಲ ಬಿಗಿ ಆಯ್ತು ಅಂದಿದ್ದರು" ಅನ್ನೋದನ್ನು ಎಲ್ಲಿ ಬರೆಯೋದು? ಕಸೂತಿಗೆ ಹಾಕಿದ ನೂಲಿನ ಬಣ್ಣದ ನಂಬರ್ ಎಲ್ಲಿ? ಆ ನಂಬರ್ ಇಲ್ಲದಿದ್ದರೆ ಅದೇ ಸೀರೆಗೆ ಆರು ತಿಂಗಳು ಬಿಟ್ಟು ಕುಪ್ಪಸ ಮಾಡುವಾಗ ನೂಲು ಹೊಂದಿಸೋದು ಎಷ್ಟು ಕಷ್ಟ ಅಂತ ನಿಮಗೆ ನಾನು ಹೇಳಬೇಕಿಲ್ಲ. ಆ್ಯಪ್ ಮಾಡಿದವರು ಕೆಟ್ಟದಾಗಿ ಮಾಡಿಲ್ಲ. ಸಾವಿರಾರು ಟೇಲರ್‌ಗಳನ್ನು ಮನಸ್ಸಲ್ಲಿಟ್ಟು ಮಾಡಿದ್ದಾರೆ, ನಿಮ್ಮ ಕೆಲಸ ಅವರು ನೋಡಿಲ್ಲ. ಹೀಗಾಗಿ ನೀವು ಏನೇ ಹೊಸದು ಯೋಚಿಸಿದರೂ ಆ್ಯಪ್‌ನಲ್ಲಿ ಅದಕ್ಕೆ ಜಾಗ ಇರಲ್ಲ, ಜಾಗ ಇಲ್ಲದ್ದನ್ನು ನಿಧಾನಕ್ಕೆ ಯೋಚಿಸೋದೇ ಬಿಟ್ಟುಬಿಡುತ್ತೀರಿ. ನನಗೆ ಬೇಜಾರಾಗೋದು ಇಲ್ಲಿ. ದುಡ್ಡು ಹೋಗೋದಕ್ಕಿಂತ ಇದು ದೊಡ್ಡ ನಷ್ಟ.

ಈಗ ನಿಮ್ಮ ಕೆಲಸಕ್ಕೆ ಬರೋಣ. ಲೆಕ್ಕದಿಂದ ಶುರು ಮಾಡುತ್ತೇನೆ, ಯಾಕಂದರೆ ಡಿಸೈನ್‌ಗೆ ದಾರಿ ಅಲ್ಲಿಂದಲೇ ಇದೆ.

ಒಂದು ಬ್ಲೌಸ್‌ಗೆ ಬಟ್ಟೆ 450, ನೂಲು 60, ಹೊಲಿಗೆ 400 ಅಂತ ಇಟ್ಟುಕೊಳ್ಳಿ. ಕಸೂತಿಗೆ 14 ಗಂಟೆ, ಗಂಟೆಗೆ 70 ರೂಪಾಯಿ. ಅಂಕಿಗಳು ಉದಾಹರಣೆಗೆ ಮಾತ್ರ, ನಿಮ್ಮವು ನೀವು ಹಾಕಿಕೊಳ್ಳಿ. ಒಂದೊಂದಕ್ಕೂ ಒಂದೊಂದು ಸೆಲ್ (ಆ ಚೌಕಕ್ಕೆ ಎಕ್ಸೆಲ್‌ನಲ್ಲಿ ಹಾಗನ್ನುತ್ತಾರೆ) ಕೊಡಿ, ಒಟ್ಟು ಮಾತ್ರ ಫಾರ್ಮುಲಾದಿಂದ ಬರಲಿ. 1890 ಬರುತ್ತೆ. ಗಂಟೆಯ ಕೂಲಿ 90 ಮಾಡಿ, ತಕ್ಷಣ 2170. ಇದು ಕ್ಯಾಲ್ಕ್ಯುಲೇಟರ್‌ನಲ್ಲೂ ಆಗುತ್ತೆ ಅಂತೀರಿ. ಆಗುತ್ತೆ. ಆದರೆ ಉಲ್ಟಾ ಕೇಳಿ ನೋಡಿ. ಒಬ್ಬರು ಬಂದು "1600ಕ್ಕಿಂತ ಜಾಸ್ತಿ ಆಗಲ್ಲ ಅಕ್ಕಾ" ಅಂತಾರೆ. 1600ರಲ್ಲಿ ಬಟ್ಟೆ, ನೂಲು, ಹೊಲಿಗೆಯ 910 ಕಳೆದರೆ 690, ಅದನ್ನು 14 ಗಂಟೆಗೆ ಹಂಚಿದರೆ ಗಂಟೆಗೆ 49 ರೂಪಾಯಿ ಚಿಲ್ಲರೆ. ಒಪ್ಪಿಕೊಂಡರೆ ನಿಮ್ಮ ಕೈಗೆ ನೀವೇ ಕಡಿಮೆ ಕೂಲಿ ಕೊಟ್ಟ ಹಾಗೆ, ಬೇಡ ಅಂದರೆ ಆರ್ಡರ್ ಹೋಗುತ್ತೆ. ಆಗ ಕೂಲಿ ಮುಟ್ಟದೆ ಗಂಟೆಯನ್ನು ಬದಲಿಸಿ ನೋಡಿ. 9 ಗಂಟೆ ಹಾಕಿದರೆ 1540. ಅಂದರೆ 9 ಗಂಟೆಯಲ್ಲಿ ಮುಗಿಯುವ, ಆದರೂ ನೋಡೋಕೆ ತುಂಬಿದ ಹಾಗೆ ಇರುವ ಒಂದು ಡಿಸೈನ್ ನಿಮಗೆ ಬೇಕು. ಇದು ಲೆಕ್ಕದ ಪ್ರಶ್ನೆಯೇ ಅಲ್ಲ, ಕಸೂತಿಯ ಪ್ರಶ್ನೆ. ಬೆನ್ನ ಮೇಲಿನ ದೊಡ್ಡ ಗೋಪುರ ಬಿಟ್ಟು ತೋಳಿನ ಅಂಚಿಗೆ ಮಾತ್ರ ಹಾಕೋದಾ? ತುಂಬುವ ಹೊಲಿಗೆ ನೇಗಿ ಕಡಿಮೆ ಮಾಡಿ ಗೆರೆಯ ಹೊಲಿಗೆ ಗವಂತಿಯಲ್ಲೇ ತರೋದಾ? ಇಂಥ ಪ್ರಶ್ನೆ ಕೇಳಿಕೊಳ್ಳುವ ಹಂತಕ್ಕೆ ನಿಮ್ಮನ್ನು ತಂದದ್ದು ಒಂದು ಸೆಲ್‌ನ ಅಂಕಿ.

ಎಲ್ಲ ಡಿಸೈನ್‌ಗೂ ಎಷ್ಟೆಷ್ಟು ಗಂಟೆ ಹಿಡಿಯಿತು ಅಂತ ಬರೆದಿಡಿ. ಇದೊಂದು ಅಭ್ಯಾಸ ದಯವಿಟ್ಟು ಮಾಡಿಕೊಳ್ಳಿ. ಕೈಕೆಲಸ ಮಾಡೋರು ಬಟ್ಟೆ, ನೂಲಿನ ಲೆಕ್ಕ ಇಡುತ್ತಾರೆ, ತಮ್ಮ ಗಂಟೆಯ ಲೆಕ್ಕ ಮಾತ್ರ ಇಡೋದಿಲ್ಲ.

ಈಗ ಕಸೂತಿಯ ಹಾಳೆ. ಕಸೂತಿ ಬಟ್ಟೆ ಮೇಲೆ ಪೆನ್ಸಿಲ್‌ನಲ್ಲಿ ಬರೆದುಕೊಂಡು ಹಾಕೋ ಕೆಲಸ ಅಲ್ಲ, ಎಳೆ ಎಣಿಸಿ ಹಾಕೋದು. ಎಳೆ ಕಾಣದ ನುಣುಪು ಬಟ್ಟೆಗೆ ಮೇಲೆ ಜಾಳಿಗೆ ಬಟ್ಟೆ ಇಟ್ಟಾದರೂ ಎಣಿಸಲೇಬೇಕು. ಅಂದಮೇಲೆ ಕಸೂತಿ ಮೊದಲಿಂದಲೂ ಚೌಕದ ಹಾಳೆಯ ಕಲೆ. ನೀವೂ ಗ್ರಾಫ್ ಪುಸ್ತಕದಲ್ಲಿ ಬರೆದುಕೊಂಡಿರುತ್ತೀರಿ. ಎಕ್ಸೆಲ್ ತೆರೆದಾಗ ಸೆಲ್‌ಗಳು ಉದ್ದುದ್ದ ಇರುತ್ತವೆ, ಅದಕ್ಕೇ ಯಾರಿಗೂ ಅದು ಗ್ರಾಫ್ ಹಾಳೆ ಅಂತ ಹೊಳೆಯೋದಿಲ್ಲ. ಹಾಳೆ ಪೂರ್ತಿ ಆಯ್ಕೆ ಮಾಡಿ, ಕಾಲಮ್‌ನ ಅಗಲ 2.14 ಅಂತ ಕೊಡಿ. ಮಾಮೂಲಿ ಎಕ್ಸೆಲ್‌ನಲ್ಲಿ ಸಾಲಿನ ಎತ್ತರ 15 ಇರುತ್ತೆ, ಎರಡೂ 20 ಪಿಕ್ಸೆಲ್ ಆಗಿ ಸರಿಯಾದ ಚೌಕ ಬರುತ್ತೆ. ಗೂಗಲ್ ಶೀಟ್ಸ್‌ನಲ್ಲಿ ಇನ್ನೂ ಸುಲಭ, ಅಗಲವನ್ನು ನೇರವಾಗಿ ಪಿಕ್ಸೆಲ್‌ನಲ್ಲೇ 21 ಅಂತ ಕೊಡಬಹುದು.

ಕಸೂತಿಯ ನಾಲ್ಕು ಹೊಲಿಗೆಗೂ ದಾರಿ ಇದೆ. ಮೆಂತೆಗೆ ಸೆಲ್ ಒಳಗೆ ಒಂದು ಗುಣಾಕಾರದ ಗುರುತು ಹಾಕಿದರೆ ಆಯ್ತು. ನೇಗಿಗೆ ಸೆಲ್‌ಗೆ ಬಣ್ಣ ತುಂಬಿ. ಗವಂತಿ ಗೆರೆಯ ಹೊಲಿಗೆ, ಅದಕ್ಕೆ ಸೆಲ್‌ನ ಅಂಚುಗಳನ್ನು ಬಳಸಿ, ಬಾರ್ಡರ್ ಅನ್ನೋ ಕಡೆ ಒಂದೊಂದು ಬದಿಗೆ ಬೇರೆ ಬೇರೆ ಬಣ್ಣ ಕೊಡಬಹುದು. ಓರೆ ಗೆರೆನೂ ಎಕ್ಸೆಲ್‌ನಲ್ಲಿದೆ. ಮುರ್ಗಿ ಮೆಟ್ಟಿಲ ಹಾಗೆ ಹೋಗೋದರಿಂದ ಅದಕ್ಕೂ ಅಂಚೇ ಸಾಕು. ಗವಂತಿಯಲ್ಲಿ ಹೋಗುವಾಗ ಒಂದು ಬಿಟ್ಟು ಒಂದು ಹಾಕಿ, ವಾಪಸ್ ಬರುವಾಗ ಬಿಟ್ಟದ್ದನ್ನು ತುಂಬುತ್ತೀರಲ್ಲ. ಹೋಗೋದಕ್ಕೆ ಕೆಂಪು, ಬರೋದಕ್ಕೆ ನೀಲಿ ಮಾಡಿ ಪ್ರಿಂಟ್ ತೆಗೆದು ನಿಮ್ಮಲ್ಲಿ ಕೆಲಸಕ್ಕೆ ಬರುವ ಹುಡುಗಿಯರಿಗೆ ಕೊಡಿ. ಸೂಜಿ ಯಾವ ಕೊಂಬೆಗೆ ಮೊದಲು ಹೋಗಿ ಎಲ್ಲಿಂದ ತಿರುಗಬೇಕು ಅನ್ನೋದು ಹಾಳೆಯಲ್ಲೇ ಕಂಡರೆ ಹಿಂಬದಿಯೂ ಮುಂಬದಿಯಷ್ಟೇ ಚೆನ್ನಾಗಿ ಬರುತ್ತೆ, ಗಂಟು ಹಾಕುವ ಪ್ರಮೇಯ ಬರೋದಿಲ್ಲ.

ಇಷ್ಟು ಗ್ರಾಫ್ ಪುಸ್ತಕದಲ್ಲೂ ಆಗುತ್ತಿತ್ತು. ಬ್ರಿಕ್ಲಿನ್ ಅವರ ಬೋರ್ಡ್ ಕಸೂತಿಗೆ ಬರೋದು ಇನ್ನು ಮುಂದೆ.

ನಿಮ್ಮ ಗೋಪುರ 23 ಚೌಕ ಅಗಲ ಇದೆ ಅಂದುಕೊಳ್ಳಿ. ನಡುವೆ 12ನೇ ಕಾಲಮ್, ಎಡಕ್ಕೆ 11, ಬಲಕ್ಕೆ 11. ಎಡ ಮತ್ತು ಬಲ ಒಂದಕ್ಕೊಂದು ಕನ್ನಡಿ. ಹಾಗಾದರೆ ಎಡಭಾಗ ಮತ್ತು ನಡುವಿನ ಕಾಲಮ್ ಮಾತ್ರ ನೀವು ಬರೆಯಿರಿ, ಬಣ್ಣ ತುಂಬಬೇಕಾದ ಕಡೆ 1 ಅಂತ ಹಾಕುತ್ತಾ ಹೋಗಿ. ಬಲಭಾಗಕ್ಕೆ ಫಾರ್ಮುಲಾ: 13ನೇ ಕಾಲಮ್ ಅಂದರೆ 11ನೆಯದು, 14 ಅಂದರೆ 10, ಹೀಗೆ 23ನೆಯದು 1ನೆಯದಕ್ಕೆ ಸಮ. ಆಮೇಲೆ ಕಂಡೀಷನಲ್ ಫಾರ್ಮ್ಯಾಟಿಂಗ್ ಅನ್ನೋದರಲ್ಲಿ "1 ಇದ್ದ ಕಡೆ ಕೆಂಪು ತುಂಬು" ಅಂತ ಹೇಳಿ. ಖಾಲಿ ಜಾಗದಲ್ಲಿ 0 ಕಾಣಿಸಿದರೆ ಅಕ್ಷರದ ಬಣ್ಣ ಬಿಳಿ ಮಾಡಿಬಿಡಿ. ಈಗ ಪಕ್ಕದಲ್ಲಿ ಎರಡನೇ ಗೋಪುರ, ಮೂರನೆಯದು, ನಾಲ್ಕು, ಐದು, ಎಲ್ಲವೂ ಮೊದಲನೆಯದನ್ನು ನೋಡಿ ತುಂಬಿಕೊಳ್ಳುವ ಹಾಗೆ ಮಾಡಿ. ಎಡಭಾಗದಲ್ಲಿ ಒಂದೇ ಒಂದು 1 ಅಳಿಸಿ ನೋಡಿ. ಐದೂ ಗೋಪುರದ ಎರಡೂ ಬದಿ ಒಟ್ಟಿಗೆ ಬದಲಾಗುತ್ತೆ. ಶಿಖರ ಒಂದು ಸಾಲು ಎತ್ತರಿಸಿದರೆ ಅಂಚು ಪೂರ್ತಿ ಹೇಗೆ ಕಾಣುತ್ತೆ ಅಂತ ಪುಸ್ತಕದಲ್ಲಿ ನೋಡಬೇಕಾದರೆ ಐದು ಸಲ ಬರೆಯಬೇಕು, ಬರೆಯೋ ಬೇಜಾರಿಗೆ ನಾವು ಮೊದಲು ಹೊಳೆದದ್ದಕ್ಕೇ ಒಪ್ಪಿಕೊಂಡುಬಿಡುತ್ತೇವೆ. ಇಲ್ಲಿ ಆ ಬೇಜಾರಿಲ್ಲ. ಇಪ್ಪತ್ತು ಥರ ನೋಡಿ ಹತ್ತೊಂಬತ್ತು ಬಿಸಾಕಬಹುದು. ಹೊಸ ಡಿಸೈನ್ ಹುಟ್ಟೋದು ಹೀಗೆ ಬಿಸಾಕೋ ಧೈರ್ಯದಲ್ಲಿ ಅಂತ ನನಗೆ ಅನಿಸುತ್ತೆ.

ತೋಳಿನ ಸುತ್ತಳತೆಗೂ ಇದನ್ನು ಜೋಡಿಸಿ. ಇಂಚಿಗೆ 40 ಎಳೆಯ ಬಟ್ಟೆ, ಒಂದು ಹೊಲಿಗೆಗೆ 4 ಎಳೆ ಅಂತಾದರೆ ಇಂಚಿಗೆ 10 ಹೊಲಿಗೆ. ತೋಳಿನ ಅಂಚು 12 ಇಂಚು, ಅಂದರೆ 120 ಹೊಲಿಗೆ. ಗೋಪುರ 23, ನಡುವೆ 2 ಖಾಲಿ, ಒಟ್ಟು 25. 120ನ್ನು 25ರಿಂದ ಭಾಗಿಸಿದರೆ 4.8. ಕೊನೆಯ ಗೋಪುರ ಕಂಕುಳ ಹತ್ತಿರ ಅರ್ಧಕ್ಕೆ ನಿಲ್ಲುತ್ತೆ. ಆಗ ಗೋಪುರವನ್ನು ಮುಟ್ಟಬೇಡಿ, ಖಾಲಿ ಜಾಗವನ್ನು 2ರಿಂದ 1ಕ್ಕೆ ಇಳಿಸಿ. 24 ಅಂದರೆ ಸರಿಯಾಗಿ ಐದು. ತೋಳು ಸುತ್ತಿ ಬಂದು ಸೇರೋದರಿಂದ ಕೊನೆಯದರ ಪಕ್ಕದ ಖಾಲಿ ಜಾಗವೂ ಲೆಕ್ಕಕ್ಕೆ ಸೇರುತ್ತೆ. ಬೇರೆ ಅಳತೆ ಹಾಕಿ ನೋಡಿ: ಹನ್ನೆರಡೂವರೆ ಇಂಚಿಗೆ 2 ಖಾಲಿ, 13 ಇಂಚಿಗೆ 3. ಹನ್ನೊಂದೂವರೆ ಇಂಚಿಗೆ ಬಂದರೆ 115 ಹೊಲಿಗೆ, ಖಾಲಿ ಜಾಗವೇ ಇಲ್ಲ, ಐದು ಗೋಪುರ ಒಂದಕ್ಕೊಂದು ಅಂಟಿಕೊಂಡು ನಿಲ್ಲುತ್ತವೆ. ಆಗ ಬುಡದ ಸಾಲು ಒಂದೇ ಕಟ್ಟೆಯಾಗಿ ಸುತ್ತ ಓಡುತ್ತೆ. ನೀವು ಹುಡುಕಿಕೊಂಡು ಹೋಗದ ಡಿಸೈನ್ ಅದು, ಅಳತೆಯ ಲೆಕ್ಕ ಮಾಡುವಾಗ ಸಿಕ್ಕಿತು. ಸಣ್ಣ ತೋಳಿನವರು ಬಂದಾಗ ಅದನ್ನು ಬೇಕಂತಲೇ ತೋರಿಸಬಹುದು.

ಅಂಗಡಿಯ ಲೆಕ್ಕ, ಅಳತೆ, ಡಿಸೈನ್ ಒಂದೇ ಹಾಳೆಯಲ್ಲಿ ಮಾತಾಡಿಕೊಳ್ಳೋದು ಇಂಥ ಕಡೆ. ಒಂದು ಗೋಪುರದಲ್ಲಿ ಎಷ್ಟು 1 ಇದೆ ಅಂತ ಎಕ್ಸೆಲ್ ಎಣಿಸಿಕೊಡುತ್ತೆ. ಐದು ಗೋಪುರಕ್ಕೆ ಎಷ್ಟು, ನಿಮ್ಮ ಕೈಗೆ ಗಂಟೆಗೆ ಸುಮಾರು ಎಷ್ಟು ಆಗುತ್ತೆ ಅಂತ ಗೊತ್ತಿದ್ದರೆ ಡಿಸೈನ್ ಬರೆಯುತ್ತಿರುವಾಗಲೇ ಪಕ್ಕದಲ್ಲಿ ಅದರ ಗಂಟೆ, ಅದರ ಬೆಲೆ ಕಾಣುತ್ತೆ. ಪೂರ್ತಿ ಕರಾರುವಾಕ್ಕು ಬರಲ್ಲ, ಓರೆ ಹೊಲಿಗೆಗೆ ಜಾಸ್ತಿ ಹೊತ್ತು ಹಿಡಿಯುತ್ತೆ, ದೀಪದ ಬೆಳಕಲ್ಲಿ ನಿಧಾನ ಆಗುತ್ತೆ. ಆದರೂ ಬಂದವರಿಗೆ ಅಲ್ಲೇ ಒಂದು ಬೆಲೆ ಹೇಳೋಕೆ ಅಂದಾಜು ಸಾಕು. ನಿಮ್ಮ ಡಿಸೈನ್ ಆ್ಯಪ್‌ಗೆ ಖರ್ಚಿನ ಆ್ಯಪ್ ಇದೆ ಅನ್ನೋದೇ ಗೊತ್ತಿಲ್ಲವಲ್ಲ.

ಎಕ್ಸೆಲ್‌ನಲ್ಲಿ ಚಿತ್ರ ಮಾಡೋದು ಹುಚ್ಚಾಟ ಅಂತ ಯಾರಾದರೂ ಅಂದರೆ ಜಪಾನಿನ ತತ್ಸುವೊ ಹೊರಿಯುಚಿ ಅವರ ಚಿತ್ರ ಹುಡುಕಿ ತೋರಿಸಿ. 1940ರಲ್ಲಿ ಹುಟ್ಟಿದವರು, ಕೆಲಸದಿಂದ ನಿವೃತ್ತಿ ಹತ್ತಿರ ಬಂದಾಗ ಚಿತ್ರ ಬರೆಯಬೇಕು ಅನಿಸಿತು. ಚಿತ್ರದ ಸಾಫ್ಟ್‌ವೇರ್ ದುಬಾರಿ, ಎಕ್ಸೆಲ್ ಕಂಪ್ಯೂಟರಿನಲ್ಲೇ ಇತ್ತು. ಅದರಲ್ಲಿರೋ ಗೆರೆ, ಆಕಾರದ ಸಾಧನಗಳಿಂದಲೇ ಬೆಟ್ಟ, ಚೆರ್ರಿ ಮರ, ನದಿ ಎಲ್ಲಾ ಬರೆದರು, ಜಗತ್ತಿನ ಗಮನ ಸೆಳೆದರು. ಅವರು ಬಳಸೋದು ಚೌಕಗಳನ್ನಲ್ಲ, ಆಕಾರಗಳನ್ನು, ಅಷ್ಟು ವ್ಯತ್ಯಾಸ ಇದೆ.

ಇನ್ನು ನಿಮ್ಮ ಮಗ. ಅವನಿಗೂ ಇದೇ ಹಾಳೆ ಸಾಕು, ಲ್ಯಾಪ್‌ಟಾಪ್ ಸರದಿ ಮಾತ್ರ ನೀವು ಮಾಡಿಕೊಳ್ಳಬೇಕು. ತೀನ್‌ತಾಲ್ ಅನ್ನೋ ತಾಳಕ್ಕೆ 16 ಮಾತ್ರೆ, ಅಂದರೆ 16 ಎಣಿಕೆ, ಹಾಗಾಗಿ 16 ಕಾಲಮ್. ನಾಲ್ಕು ನಾಲ್ಕಕ್ಕೆ ಒಂದು ದಪ್ಪ ಗೆರೆ. 1ಕ್ಕೆ ಸಮ್ (ತಾಳ ಶುರುವಾಗುವ ಜಾಗ), 9ಕ್ಕೆ ಖಾಲಿ (ಚಪ್ಪಾಳೆ ಇಲ್ಲದೆ ಕೈ ಬೀಸುವ ಜಾಗ), ಎರಡಕ್ಕೂ ಬೇರೆ ಬಣ್ಣ. ಮೊದಲ ಸಾಲಲ್ಲಿ ಧಾ ಧಿನ್ ಧಿನ್ ಧಾ, ಕೆಳಗಿನ ಸಾಲುಗಳಲ್ಲಿ ಗುರುಗಳು ಕೊಟ್ಟ ಕಾಯ್ದಾ ಅನ್ನೋ ಮೂಲ ಪಾಠ, ಅದನ್ನು ಅದಲು ಬದಲು ಮಾಡಿದ ಪಲಟಾಗಳು. ಯಾವ ಬೋಲ್ (ಧಾ, ಧಿನ್ ಥರದ ಅಕ್ಷರ) ಯಾವ ಮಾತ್ರೆಗೆ ಬೀಳುತ್ತೆ ಅಂತ ಮೇಲಿಂದ ಕೆಳಗೆ ಕಣ್ಣಾಡಿಸಿದರೆ ಗೊತ್ತಾಗುತ್ತೆ.

ಅವನಿಗೆ ತಿಹಾಯಿಯ ಪಟ್ಟಿ ಮಾಡಿಕೊಡಿ, ಖುಷಿ ಪಡುತ್ತಾನೆ. ಒಂದು ತುಣುಕನ್ನು ಮೂರು ಸಲ ಬಾರಿಸಿ ಕೊನೆಯ ಪೆಟ್ಟು ಸಮ್‌ಗೆ ಬೀಳಬೇಕು, ನಡುವೆ ಎರಡು ಕಡೆ ಬಿಡುವು. ತುಣುಕಿನ ಉದ್ದದ ಮೂರರಷ್ಟು, ಬಿಡುವಿನ ಎರಡರಷ್ಟು, ಎರಡೂ ಕೂಡಿಸಿ. ಸಮ್‌ನಿಂದ ಶುರು ಮಾಡಿದರೆ ಮೊತ್ತ 17 ಬರಬೇಕು, ಇಲ್ಲಾ ಎರಡು ಆವರ್ತನಕ್ಕೆ, ಅಂದರೆ ತಾಳದ ಎರಡು ಸುತ್ತಿಗೆ, 33. ಅಂದರೆ 16ರಿಂದ ಭಾಗಿಸಿದಾಗ 1 ಉಳಿಯಬೇಕು. ಉಳಿದದ್ದನ್ನು ಹೇಳೋಕೆ ಎಕ್ಸೆಲ್‌ನಲ್ಲಿ ಮಾಡ್ ಅನ್ನೋ ಫಂಕ್ಷನ್ ಇದೆ. ಎಡಗಡೆ ಕೆಳಮುಖವಾಗಿ ತುಣುಕಿನ ಉದ್ದ, ಮೇಲೆ ಅಡ್ಡಕ್ಕೆ ಬಿಡುವು, ನಡುವೆ ಫಾರ್ಮುಲಾ, 1 ಉಳಿದ ಕಡೆ ಬಣ್ಣ. 5 ಮಾತ್ರೆಯ ತುಣುಕಿಗೆ 1 ಬಿಡುವು, ಬಣ್ಣ ಹತ್ತಿತು. 3ಕ್ಕೆ 4. 9ಕ್ಕೆ 3, ಅದು ಎರಡು ಆವರ್ತನ. 4 ಮಾತ್ರೆಯ ಸಾಲಿನಲ್ಲಿ ಮಾತ್ರ ಎಲ್ಲೂ ಬಣ್ಣ ಇಲ್ಲ. 6ಕ್ಕೂ ಇಲ್ಲ, 8ಕ್ಕೂ ಇಲ್ಲ. ಸಮಸಂಖ್ಯೆ ಎಷ್ಟು ಕೂಡಿದರೂ 17 ಆಗಲ್ಲ ಅಂತ ಅವನೇ ಕಂಡುಹಿಡಿಯುತ್ತಾನೆ. ಆಗ ಬಿಡುವನ್ನು ಅರ್ಧರ್ಧ ಮಾತ್ರೆಯಾಗಿ ಏರಿಸೋಕೆ ಹೇಳಿ. 4ರ ಸಾಲಿನಲ್ಲಿ ಎರಡೂವರೆಗೆ ಬಣ್ಣ ಬರುತ್ತೆ: ಮೂರು ನಾಲ್ಕಲ 12, ಎರಡು ಎರಡೂವರೆ 5. 10 ಮಾತ್ರೆಯ ಝಪ್‌ತಾಲ್ ಕಲಿತಾಗ 16 ಇದ್ದಲ್ಲಿ 10 ಅಂತ ಒಂದು ಸೆಲ್ ಬದಲಿಸಿದರೆ ಪಟ್ಟಿ ಪೂರ್ತಿ ಹೊಸದು, 3ಕ್ಕೆ 1, 5ಕ್ಕೆ 3. ಯಾವುದು ಕೇಳೋಕೆ ಚೆನ್ನಾಗಿದೆ ಅಂತ ಹಾಳೆ ಹೇಳಲ್ಲ, ಅದಕ್ಕೆ ಅವನ ಕಿವಿ ಮತ್ತು ಗುರುಗಳು ಇದ್ದಾರೆ. ಬಾರಿಸಿ ನೋಡಬೇಕಾದದ್ದು ಯಾವುದು ಅಂತ ಮಾತ್ರ ಹೇಳುತ್ತೆ.

ನಿಮ್ಮ ತೋಳಿನ ಗೋಪುರ, ಅವನ ತಿಹಾಯಿ ಎರಡೂ ಒಂದೇ ಪ್ರಶ್ನೆ ಅಂತ ಗಮನಿಸಿದಿರಾ? ಇಷ್ಟು ಉದ್ದದ ತುಣುಕು, ನಡುವೆ ಇಷ್ಟು ಬಿಡುವು, ಸುತ್ತಿ ಬಂದು ಸರಿಯಾದ ಜಾಗಕ್ಕೆ ಸೇರಬೇಕು. ಕಸೂತಿಗೆ ಒಂದು ಆ್ಯಪ್, ತಬಲಾಗೆ ಒಂದು ಆ್ಯಪ್ ಅಂತ ಇಟ್ಟುಕೊಂಡಿದ್ದರೆ ತಾಯಿ ಮಗ ಇಬ್ಬರೂ ಒಂದೇ ಲೆಕ್ಕ ಮಾಡುತ್ತಿದ್ದೀರಿ ಅಂತ ಗೊತ್ತೇ ಆಗುತ್ತಿರಲಿಲ್ಲ. ಬೇರೆ ಬೇರೆ ಕೆಲಸಕ್ಕೆ ಒಂದೇ ಸಾಧನ ಬಳಸೋರಿಗೆ ಒಂದು ಕಡೆ ಕಲಿತದ್ದು ಇನ್ನೊಂದು ಕಡೆ ಹೊಳೆಯುತ್ತೆ. ಈ ಲಾಭದ ಬಗ್ಗೆ ಯಾರೂ ಜಾಹೀರಾತು ಕೊಡೋದಿಲ್ಲ.

ಎಚ್ಚರ ಬೇಕಾದ ಕಡೆಗಳೂ ಇವೆ. ನಿಮಗೆ ಮೊದಲ ದಿನವೇ ಎದುರಾಗೋದು ಇದು: ಮುಕ್ಕಾಲು ಇಂಚು ಅಂತ 3/4 ಹೊಡೆದರೆ ಎಕ್ಸೆಲ್ ಅದನ್ನು ತಾರೀಖು ಅಂತ ತಿಳಿದುಕೊಳ್ಳುತ್ತೆ. ಟೇಲರ್‌ಗೆ ಇದು ದೊಡ್ಡ ಕಾಟ. 0.75 ಅಂತಲೇ ಬರೆಯಿರಿ, 14.5 ಅಂತಲೇ ಬರೆಯಿರಿ. ನಿಮ್ಮೊಬ್ಬರ ತೊಂದರೆ ಅಲ್ಲ ಇದು. ಮನುಷ್ಯರ ಕೆಲವು ಜೀನ್‌ಗಳ ಹೆಸರು ಇಂಗ್ಲಿಷ್‌ನಲ್ಲಿ ಮಾರ್ಚ್ 1, ಸೆಪ್ಟ್ 1 ಅಂತ ಇತ್ತು. ಎಕ್ಸೆಲ್ ಅವನ್ನು ತಾರೀಖು ಮಾಡಿ ಮಾಡಿ ಸಂಶೋಧಕರ ಪಟ್ಟಿಗಳು ಹಾಳಾಗುತ್ತಿದ್ದವು. ಕೊನೆಗೆ 2020ರಲ್ಲಿ ಜೀನ್‌ಗಳಿಗೆ ಹೆಸರಿಡುವ ಸಮಿತಿಯವರು ಜೀನ್‌ಗಳ ಹೆಸರನ್ನೇ ಬದಲಿಸಿದರು. ಅದೇ ವರ್ಷ ಇಂಗ್ಲೆಂಡಿನಲ್ಲಿ ಕೊರೋನಾ ಲೆಕ್ಕವನ್ನು ಹಳೇ ಥರದ ಎಕ್ಸೆಲ್ ಫೈಲಿನಲ್ಲಿ ಹಾಕುತ್ತಿದ್ದರು. ಆ ಫೈಲ್‌ನಲ್ಲಿ 65,536 ಸಾಲಿಗಿಂತ ಜಾಸ್ತಿ ಹಿಡಿಯೋದಿಲ್ಲ. ಮಿಕ್ಕಿದ್ದು ಬಿದ್ದುಹೋಗಿ 15,841 ಜನರ ವರದಿ ದಿನದ ಲೆಕ್ಕಕ್ಕೆ ಸಿಗಲಿಲ್ಲ, ಅವರ ಸಂಪರ್ಕಕ್ಕೆ ಬಂದವರನ್ನು ಹುಡುಕೋದು ತಡವಾಯ್ತು. 2007ರ ನಂತರದ ಎಕ್ಸೆಲ್‌ನಲ್ಲಿ ಹತ್ತು ಲಕ್ಷಕ್ಕೂ ಜಾಸ್ತಿ ಸಾಲು ಇವೆ, ನಿಮಗೆ ಜಾಗದ ಚಿಂತೆ ಇಲ್ಲ. ಆದರೆ ಏನಾದರೂ ಬಿಟ್ಟುಹೋದರೆ ಹಾಳೆ ಕೂಗಿ ಹೇಳೋದಿಲ್ಲ ಅನ್ನೋದು ನೆನಪಿರಲಿ. ಒಟ್ಟು ಮಾಡುವ ಫಾರ್ಮುಲಾ 30ನೇ ಸಾಲಿನವರೆಗೆ ಬರೆದು ಆರ್ಡರ್ 31ಕ್ಕೆ ಹೋದರೆ ಆ ದುಡ್ಡು ಲೆಕ್ಕಕ್ಕೇ ಬರಲ್ಲ. ತಿಂಗಳಿಗೊಮ್ಮೆ ಕೈಯಲ್ಲಿ ಕೂಡಿ ತಾಳೆ ನೋಡಿ.

ಹೆಸರುಗಳನ್ನು ಕನ್ನಡದಲ್ಲೇ ಬರೆಯಿರಿ, ಯೂನಿಕೋಡ್‌ನಲ್ಲಿ ಮಾತ್ರ, ಅಂದರೆ ಫೋನ್‌ನಲ್ಲಿ ಕನ್ನಡ ಹೊಡೆಯುವ ಥರದ್ದು. ಹಳೇ ಫಾಂಟ್‌ಗಳಲ್ಲಿ ಹೊಡೆದರೆ ಪರದೆ ಮೇಲೆ ಕನ್ನಡದ ಹಾಗೆ ಕಾಣುತ್ತೆ, ಆದರೆ ಅ ಆ ಇ ಪ್ರಕಾರ ಜೋಡಿಸೋಕೆ ಹೇಳಿದರೆ ಗೋಜಲಾಗುತ್ತೆ, ಫೋನ್‌ನಲ್ಲಿ ತೆರೆದರೆ ಓದೋಕೇ ಬರೋದಿಲ್ಲ. ಮತ್ತೆ, ಅಳತೆಯ ಹಾಳೆಯನ್ನು ಲಿಂಕ್ ಇದ್ದವರೆಲ್ಲ ನೋಡುವ ಹಾಗೆ ಹಂಚಬೇಡಿ. ಅದರಲ್ಲಿರೋದು ಹೆಣ್ಣುಮಕ್ಕಳ ಮೈ ಅಳತೆ ಮತ್ತು ಫೋನ್ ನಂಬರ್. ಕೆಲಸದ ಹುಡುಗಿಯರಿಗೆ ಡಿಸೈನ್‌ನ ಹಾಳೆ ಬೇರೆ ಫೈಲ್ ಮಾಡಿ ಕೊಡಿ, ಅಷ್ಟು ಸಾಕು.

ಎಕ್ಸೆಲ್‌ಗೆ ದುಡ್ಡು ಕೊಡಲೇಬೇಕು ಅಂತಿಲ್ಲ. ಗೂಗಲ್ ಶೀಟ್ಸ್ ಬಿಟ್ಟಿ, ಫೋನ್‌ನಲ್ಲೂ ತೆರೆಯುತ್ತೆ. ಇಂಟರ್‌ನೆಟ್ ಬೇಡ ಅಂದರೆ ಲಿಬ್ರೆ ಆಫೀಸ್ ಇದೆ, ಅದೂ ಬಿಟ್ಟಿ. ಕಲಿಯಬೇಕಾದದ್ದು ಬಹಳ ಇಲ್ಲ. ಕೂಡೋದು ಕಳೆಯೋದು, ಜೋಡಿಸೋದು, ಬೇಕಾದ್ದನ್ನು ಮಾತ್ರ ತೋರಿಸುವ ಫಿಲ್ಟರ್, ಬಣ್ಣದ ನಿಯಮ, ಫಾರ್ಮುಲಾ ನಕಲು ಮಾಡುವಾಗ ಒಂದು ವಿಳಾಸ ಅಲ್ಲಾಡದ ಹಾಗೆ ಡಾಲರ್ ಗುರುತು ಹಾಕೋದು. ಈ ಡಾಲರ್ ಗುರುತು ಅರ್ಥವಾಗೋಕೆ ಸ್ವಲ್ಪ ಹೊತ್ತು ಹಿಡಿಯುತ್ತೆ, ಬಿಡಬೇಡಿ, ತಿಹಾಯಿಯ ಪಟ್ಟಿ ಅದಿಲ್ಲದೆ ಆಗೋದಿಲ್ಲ. ಬೇರೆಯವರು ಮಾಡಿಟ್ಟ ರೆಡಿ ಟೆಂಪ್ಲೇಟ್ ಮಾತ್ರ ಇಳಿಸಿಕೊಳ್ಳಬೇಡಿ. ಅದರಲ್ಲಿ ಮತ್ತೆ ಇನ್ನೊಬ್ಬರ ತೀರ್ಮಾನದೊಳಗೆ ಕೂರಬೇಕಾಗುತ್ತೆ. ಖಾಲಿ ಹಾಳೆಯಲ್ಲಿ ಮೂರು ಕಾಲಮ್‌ನಿಂದ ಶುರು ಮಾಡಿ: ಹೆಸರು, ಏನು, ಯಾವಾಗ ಕೊಡಬೇಕು. ನಾಲ್ಕನೇ ಕಾಲಮ್ ಯಾವುದು ಅಂತ ನಿಮ್ಮ ಕೆಲಸವೇ ಒಂದು ವಾರದಲ್ಲಿ ಕೇಳುತ್ತೆ.

ಆ್ಯಪ್‌ಗಳ ವಿಷಯ. ಜಿಎಸ್‌ಟಿ ಬಿಲ್ ಕೊಡಬೇಕಾದಷ್ಟು ವ್ಯಾಪಾರ ಬೆಳೆದರೆ ಅದಕ್ಕೆ ಅಂತಲೇ ಇರುವ ಸಾಫ್ಟ್‌ವೇರ್ ಬಳಸಿ, ಅಲ್ಲಿ ನಿಯಮ ಸರ್ಕಾರದ್ದು, ನಿಮ್ಮ ಕಲ್ಪನೆಗೆ ಕೆಲಸ ಇಲ್ಲ. ಕಂಪ್ಯೂಟರ್ ಕಸೂತಿ ಮಷಿನ್ ತಗೊಂಡರೆ ಅದರ ಸಾಫ್ಟ್‌ವೇರ್ ಬೇಕೇ ಬೇಕು, ಮಷಿನ್‌ಗೆ ಎಕ್ಸೆಲ್ ಹಾಳೆ ಅರ್ಥವಾಗಲ್ಲ. ಮುಗಿದ ಕೆಲಸದ ಫೋಟೋಗಳನ್ನು ಫೋನ್‌ನಲ್ಲೇ ಇಡಿ, ಹಾಳೆಯಲ್ಲಿ ಫೋಟೋದ ನಂಬರ್ ಮಾತ್ರ ಇರಲಿ. ಖರ್ಚಿನ ಆ್ಯಪ್ ಮತ್ತು ಆರ್ಡರ್ ಆ್ಯಪ್ ಒಂದು ತಿಂಗಳು ಹಾಳೆಯ ಜೊತೆಗೇ ನಡೆಯಲಿ, ಎರಡೂ ಕಡೆ ಒಂದೇ ಮೊತ್ತ ಬಂದರೆ ಅವನ್ನು ನಿಲ್ಲಿಸಿ. ಅಳತೆಯ ಆ್ಯಪ್‌ಗೆ ಚಂದಾ ಮುಗಿಯುವ ತಾರೀಖು ಯಾವುದು ಅಂತ ಇವತ್ತೇ ನೋಡಿಕೊಳ್ಳಿ. ಅದಕ್ಕೆ ಮುಂಚೆ ಸೆಟ್ಟಿಂಗ್ಸ್ ಒಳಗೆ ಎಕ್ಸ್‌ಪೋರ್ಟ್ ಅಂತ ಇದೆಯಾ ಹುಡುಕಿ, ಇದ್ದರೆ ಸಿಎಸ್‌ವಿ ಅನ್ನೋದನ್ನು ಆರಿಸಿ ಇಳಿಸಿಕೊಳ್ಳಿ, ಅದು ಯಾವ ಹಾಳೆಯಲ್ಲಾದರೂ ತೆರೆಯುತ್ತೆ. ಇಲ್ಲದಿದ್ದರೆ ಇಬ್ಬರು ಹುಡುಗಿಯರನ್ನು ಕೂರಿಸಿಕೊಳ್ಳಿ, ಒಬ್ಬರು ಓದಲಿ, ಒಬ್ಬರು ಹೊಡೆಯಲಿ. ಹಾಗೆ ಹೊಡೆಯುವಾಗ ಯಾರ ಅಳತೆ ಎರಡು ವರ್ಷಕ್ಕಿಂತ ಹಳೆಯದೋ ಅದರ ಪಕ್ಕ ಒಂದು ಗುರುತು ಹಾಕಿಸಿ. ಅವರು ಮುಂದಿನ ಸಲ ಬಂದಾಗ ಹೇಗೂ ಹೊಸದಾಗಿ ಟೇಪ್ ಹಿಡಿಯಬೇಕಾಗುತ್ತೆ.